ನಮ್ಮ ಎಮ್ಮಿ ಏನ್ ಮಾಡಿತ್ರಿ?

(ಬೆಳಗಾವಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತನಾಡಿದವರು ಮಲಪ್ರಭಾ ದಂಡೆಯ ಹಳ್ಳಿಯೊಂದರಲ್ಲಿ ಕೆಲಸ ಮಾಡುವ ಕ್ರೈಸ್ತ ಸನ್ಯಾಸಿನಿ.)

ನನಗೆ ಕೊಟ್ಟಿರುವ ವಿಷಯ ‘ವಿಪತ್ತು, ವಿಶ್ವಾಸ, ನಿರೀಕ್ಷೆ’. ಮೂರೂ ಭಾರವಾದ ಮಾತುಗಳು. ನಾನು ಹಗುರವಾದ ಒಂದು ವಸ್ತುವಿನಿಂದ ಶುರು ಮಾಡುತ್ತೇನೆ. ಒಂದು ಹಗ್ಗ.

2019ರ ಆಗಸ್ಟ್ 5 ನಾಗರ ಪಂಚಮಿ. ಈ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮನೆಮನೆಗೆ ತವರಿಗೆ ಬಂದವರು, ಡಬ್ಬಿ ತುಂಬ ಉಂಡಿ, ಬೇವಿನ ಮರಕ್ಕೆ ಜೋಕಾಲಿ. ಆ ವಾರವೇ ಹೊಳೆ ಬಂತು. ನಮ್ಮ ಓಣಿಯ ಹುಡುಗರು ಜೋಕಾಲಿಯ ಹಗ್ಗ ಬಿಚ್ಚಿ, ಈ ಕಡೆಯ ಕಂಬಕ್ಕೆ ಒಂದು ತುದಿ, ಆ ಕಡೆಯ ಕಂಬಕ್ಕೆ ಇನ್ನೊಂದು ತುದಿ ಕಟ್ಟಿ, ಅದನ್ನು ಹಿಡಿಸಿ ಮುದುಕರನ್ನೂ ಮಕ್ಕಳನ್ನೂ ದಾಟಿಸಿದರು. ಹಬ್ಬಕ್ಕೆ ಬಂದ ಹೆಣ್ಣುಮಕ್ಕಳು ಅದೇ ಹಗ್ಗ ಹಿಡಿದು ಎದೆಮಟ್ಟದ ನೀರಿನಲ್ಲಿ ಹೊರಗೆ ಬಂದರು. ಅದೇ ರಾತ್ರಿ ಅದೇ ಊರಿನಲ್ಲಿ ಇನ್ನೊಂದು ಹಗ್ಗ ಬಿಚ್ಚಲಾಗದೆ ಉಳಿಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಮಂಗಳೂರು ಕಡೆಯವಳು. ಮಳೆ ಅಂದರೆ ನನಗೆ ಗೊತ್ತು ಅನ್ನುವ ಸೊಕ್ಕು ಇತ್ತು. ನಮ್ಮಲ್ಲಿ ಮಳೆ ಬಂದರೆ ತೋಡು ತುಂಬುತ್ತದೆ, ತೋಡು ತುಂಬಿದರೆ ಅಂಗಳಕ್ಕೆ ನೀರು ಬರುತ್ತದೆ, ಸರಳ ಲೆಕ್ಕ. ಇಲ್ಲಿ ಹಾಗಲ್ಲ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿ ಕಾಡಿನ ಮೇಲೆ ಸುರಿದ ನೀರು ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟೆಯಲ್ಲಿ ನಿಲ್ಲುತ್ತದೆ. ಅದು ತುಂಬಿದರೆ ಗೇಟು ತೆಗೆಯುತ್ತಾರೆ. ಆಮೇಲೆ ರಾಮದುರ್ಗ, ಬಾದಾಮಿ ಸೀಮೆ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆ ಸೇರುವವರೆಗೂ ಎರಡು ದಂಡೆಯ ಊರುಗಳೆಲ್ಲ ಎದ್ದು ಕೂರಬೇಕು. ನಮ್ಮ ಹಳ್ಳಿಯಲ್ಲಿ ಅವತ್ತು ಬರೀ ಜಿಟಿಜಿಟಿ. ಹೊಳೆ ಮಾತ್ರ ಗಂಟೆಗೊಮ್ಮೆ ಒಂದು ಮೆಟ್ಟಿಲು ಏರುತ್ತಿತ್ತು. ಯಾರದೋ ಮಳೆಗೆ ನಾವು ಮುಳುಗಿದೆವು.

ಅದೇ ವರ್ಷ ಮೇ ತಿಂಗಳು ನೆನಪಿದೆಯಾ ನಿಮಗೆ? ಕೃಷ್ಣೆ ಒಣಗಿತ್ತು. ಕೊಯ್ನಾ ಅಣೆಕಟ್ಟೆಯಿಂದ ಕುಡಿಯೋದಕ್ಕಾದರೂ ನೀರು ಬಿಡಿ ಅಂತ ಮಹಾರಾಷ್ಟ್ರವನ್ನು ಕೇಳುತ್ತಿದ್ದೆವು. ಮೂರು ತಿಂಗಳಿಗೆ ಗೋಕಾಕದ ಲೋಳಸೂರು ಸೇತುವೆ ನೀರೊಳಗೆ, ಪಟ್ಟದಕಲ್ಲಿನ ದೇವಾಲಯಗಳ ಅಂಗಳದಲ್ಲಿ ಹೊಳೆ. ನಮ್ಮ ಊರಿನವರು ಇದಕ್ಕೆ ಪ್ರವಾಹ ಅನ್ನುವುದಿಲ್ಲ, ಅದು ಪೇಪರಿನವರ ಶಬ್ದ. ‘ಹೊಳಿ ಬಂತು’ ಅನ್ನುತ್ತಾರೆ, ನೆಂಟರು ಬಂದ ಹಾಗೆ. ಕಾಲವನ್ನೂ ಅದರಲ್ಲೇ ಅಳೆಯುತ್ತಾರೆ. 2009ರ ಅಕ್ಟೋಬರ್ ಮೊದಲ ವಾರದ್ದು ಮೊದಲನೇ ಹೊಳಿ. ಆ ಸಲ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. 2019ರದ್ದು ಎರಡನೇ ಹೊಳಿ. ‘ನನ್ನ ಮಗಳ ಮದುವಿ ಎರಡು ಹೊಳಿ ನಡುವ ಆತ್ರಿ’ ಅಂತ ಒಬ್ಬರು ಹೇಳಿದ್ದು ಕೇಳಿದ್ದೇನೆ.

ಎತ್ತರದಲ್ಲಿದ್ದ ಸರ್ಕಾರಿ ಶಾಲೆಯಲ್ಲಿ ಗಂಜಿ ಕೇಂದ್ರ ತೆರೆದರು. ಇಲ್ಲಿ ನನ್ನದೊಂದು ಪೆದ್ದುತನ ಹೇಳಬೇಕು. ಗಂಜಿ ಅಂದ ತಕ್ಷಣ ನನಗೆ ಜೀವ ಬಂತು. ನಮ್ಮ ಕಡೆ ಜ್ವರ ಬಂದರೂ, ಸಾವಾದರೂ, ಸುಸ್ತಾದರೂ ಗಂಜಿ. ಬೆಳಿಗ್ಗೆ ಬೇಗ ಎದ್ದು, ನಾವು ಮೂವರು ಸಿಸ್ಟರುಗಳು ದೊಡ್ಡ ಬೋಗುಣಿಯಲ್ಲಿ ಬಿಸಿ ಗಂಜಿ ಮಾಡಿ ಇಟ್ಟೆವು. ಜನ ಮರ್ಯಾದೆಗೆ ಒಂದೊಂದು ಲೋಟ ಕುಡಿದರು. ಮಧ್ಯಾಹ್ನಕ್ಕೆ ಒಬ್ಬ ಅಜ್ಜಿ ನನ್ನನ್ನು ಮೂಲೆಗೆ ಕರೆದು ಪಿಸುಮಾತಿನಲ್ಲಿ ಕೇಳಿದಳು. ‘ಅಕ್ಕಾರ, ಎಲ್ಲಾರಿಗೂ ಆರಾಮ ಇಲ್ಲೇನ್ರಿ? ಜಡ್ಡ ಬಂದವ್ರ ಊಟ ಹಾಕಾಕತ್ತೀರಿ.’ ಸಂಜೆ ಹೊಳೆ ಮುಟ್ಟದ ಊರುಗಳಿಂದ ಟ್ರ್ಯಾಕ್ಟರ್ ಬಂತು. ಬಟ್ಟೆ ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ. ರೊಟ್ಟಿ ಮುರಿಯುವ ಸದ್ದು ಶಾಲೆ ತುಂಬ ಕೇಳಿಸಿತು. ಎರಡು ದಿನದಿಂದ ಮಾತಾಡದಿದ್ದವರು ಅವತ್ತು ಮಾತಾಡಿದರು. ಯಾರ ರೊಟ್ಟಿ ತೆಳ್ಳಗಿದೆ, ಯಾವ ಊರಿನ ಖಾರ ಜಾಸ್ತಿ ಅಂತ ವಾದ ಶುರುವಾಯಿತು. ಯೇಸುವಿನ ಕೊನೆಯ ಊಟದ ನೆನಪಿಗೆ ನಾವು ಮಾಡುವ ಪ್ರಭು ಭೋಜನದಲ್ಲಿ ರೊಟ್ಟಿ ಮುರಿಯುವ ಬಗ್ಗೆ ನಾನು ಎಷ್ಟು ಧ್ಯಾನ ಮಾಡಿದ್ದೇನೋ. ಈ ಸದ್ದು ನನ್ನ ಧ್ಯಾನದಲ್ಲಿ ಇರಲಿಲ್ಲ.

ಈಗ ಆ ಇನ್ನೊಂದು ಹಗ್ಗ.

ಆಕೆಗೆ ನಲವತ್ತೈದರ ಸುತ್ತ ವಯಸ್ಸು. ಗಂಡ ಇಲ್ಲ. ಅತ್ತೆ, ಒಬ್ಬ ಮಗ, ಎರಡು ಎಮ್ಮೆ. ಡೇರಿಗೆ ಹಾಲು ಹಾಕಿ ಬದುಕು. ರಾತ್ರಿ ನೀರು ಹೊಸ್ತಿಲು ದಾಟಿದಾಗ ಕರೆಂಟ್ ಇಲ್ಲ. ಮಗ ಅಜ್ಜಿಯನ್ನು ಹೊತ್ತು ಹೊರಟ. ಈಕೆ ದನದ ಕೊಟ್ಟಿಗೆಗೆ ಹೋಗಿ ಒಂದು ಎಮ್ಮೆ ಬಿಚ್ಚಿದಳು. ಇನ್ನೊಂದರ ಗಂಟು ಬರಲಿಲ್ಲ. ‘ತೊಯ್ದ ಹಗ್ಗದ ಗಂಟ ಕಲ್ಲ ಆಗ್ತೈತ್ರಿ’ ಅಂತ ಆಮೇಲೆ ನನಗೆ ಹೇಳಿದಳು. ಹಲ್ಲಿನಿಂದ ಕಚ್ಚಿ ನೋಡಿದಳಂತೆ. ಕುಡಗೋಲು ಎಲ್ಲಿದೆ ಅಂತ ಕತ್ತಲಲ್ಲಿ ಸಿಗಲಿಲ್ಲ. ಎಮ್ಮೆ ಭಯಕ್ಕೆ ಜಗ್ಗಿದಷ್ಟೂ ಗಂಟು ಬಿಗಿ. ನೀರು ಎದೆಗೆ ಬಂತು. ಮಗ ಆ ಕಡೆಯಿಂದ ಕೂಗುತ್ತಿದ್ದ. ಬಿಟ್ಟು ಬಂದಳು.

ಮೂರನೇ ದಿನ ಶಾಲೆಯ ಜಗುಲಿಯಲ್ಲಿ ಆಕೆ ಗೋಡೆಗೆ ಒರಗಿ ಕೂತಿದ್ದಳು. ಅಂಗೈ ಚರ್ಮ ಕಿತ್ತು ಹೋಗಿತ್ತು. ನಾನು ಪಕ್ಕದಲ್ಲಿ ಕೂತು ಔಷಧ ಹಚ್ಚಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ನಾನು ಸಿಸ್ಟರ್ ಅಲ್ವಾ, ಏನಾದರೂ ಹೇಳಲೇಬೇಕಲ್ಲ. ‘ದೇವರು ದೊಡ್ಡವನು. ನಿಮ್ಮ ಜೀವ, ಮಗನ ಜೀವ ಉಳಿಸಿದ’ ಅಂದೆ.

ಆಕೆ ತಲೆಯಾಡಿಸಿದಳು. ‘ಹೌದ್ರಿ ಅಕ್ಕಾರ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು. ‘ಮತ್ತ ನಮ್ಮ ಎಮ್ಮಿ ಏನ್ ಮಾಡಿತ್ರಿ?’

ದನಿಯಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯ ಇರಲಿಲ್ಲ. ನಿಜವಾಗಿ ಗೊತ್ತಾಗಬೇಕಿತ್ತು ಆಕೆಗೆ. ದೇವರು ಕೈ ಚಾಚಿ ಇಬ್ಬರನ್ನು ಎತ್ತಿಕೊಂಡ ಅಂದರೆ, ಮೂರನೆಯದನ್ನು ಯಾಕೆ ಬಿಟ್ಟ? ನನ್ನ ಹತ್ತಿರ ಉತ್ತರ ಇರಲಿಲ್ಲ. ಹತ್ತಿಯ ಉಂಡೆ ಹಿಡಿದುಕೊಂಡು ಸುಮ್ನೆ ಕೂತೆ.

ನೋಡಿ, ನಮ್ಮ ಬೈಬಲಿನಲ್ಲಿ ಯೋಬ ಅಂತ ಒಬ್ಬ ಇದ್ದಾನೆ. ಆಸ್ತಿ ಹೋಯಿತು, ಮಕ್ಕಳು ಸತ್ತರು, ಮೈಯೆಲ್ಲ ಹುಣ್ಣು. ಮೂವರು ಗೆಳೆಯರು ನೋಡಲು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ಒಂದು ಮಾತಿಲ್ಲ. ಎಂಥ ಗೆಳೆಯರು! ಎಂಟನೇ ದಿನದಿಂದ ಬಾಯಿ ಬಿಡುತ್ತಾರೆ, ಅಲ್ಲಿಂದ ಕೆಡುತ್ತದೆ. ನೀನು ಏನೋ ತಪ್ಪು ಮಾಡಿರಬೇಕು, ಇಲ್ಲದಿದ್ದರೆ ಹೀಗಾಗುತ್ತಿತ್ತಾ ಅಂತ ಅಧ್ಯಾಯಗಟ್ಟಲೆ ವಾದಿಸುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ಬೈದಾಡಿದ ಯೋಬನ ಮೇಲಲ್ಲ, ತನ್ನ ಪರ ವಕಾಲತ್ತು ಮಾಡಿದ ಈ ಗೆಳೆಯರ ಮೇಲೆ. ನನಗೆ ಏಳು ದಿನ ಕೂರುವ ತಾಳ್ಮೆ ಇರಲಿಲ್ಲ. ಮೂರನೇ ದಿನಕ್ಕೇ ಬಾಯಿ ಬಿಟ್ಟೆ.

ವಿಪತ್ತು ಬಂದಾಗ ಧಾರ್ಮಿಕರಿಗೆ ಬರುವ ಮೊದಲ ರೋಗ ಇದು, ಕಾರಣ ಹೇಳುವ ರೋಗ. ನಮ್ಮ ಮತದವರಿಗೆ ಮಾತ್ರ ಅಲ್ಲ, ಎಲ್ಲರಿಗೂ ಇದೆ. ಆ ವರ್ಷ ಜಾತ್ರೆ ಸರಿಯಾಗಿ ಮಾಡಲಿಲ್ಲ ಅಂತ ಕೆಲವರು ಹೇಳಿದರು. ಕಲಿಗಾಲ ಅಂತ ಇನ್ನು ಕೆಲವರು. ಪಶ್ಚಾತ್ತಾಪ ಪಡದಿದ್ದಕ್ಕೆ ಶಿಕ್ಷೆ ಅಂತ ನಮ್ಮವರೇ ಒಬ್ಬರು ಫೋನಿನಲ್ಲಿ ವಿಡಿಯೊ ಕಳಿಸಿದರು. ನಾನು ಅಳಿಸಿದೆ.

1755ರ ನವೆಂಬರ್ 1ರಂದು ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಭೂಕಂಪ ಆಯಿತು. ಅವತ್ತು ಸಕಲ ಸಂತರ ಹಬ್ಬ. ಬೆಳಗಿನ ಪೂಜೆಗೆ ಚರ್ಚುಗಳು ತುಂಬಿದ್ದವು. ಚಾವಣಿ ಬಿತ್ತು, ಹಚ್ಚಿದ ಮೇಣದಬತ್ತಿಗಳಿಂದಲೂ ಬೆಂಕಿ ಹತ್ತಿತು, ಕಡಲು ಉಕ್ಕಿ ಬಂತು. ಬೇರೆಲ್ಲೂ ಅಲ್ಲ, ದೇವರ ಮುಂದೆಯೇ ಮೊಣಕಾಲೂರಿದವರು ಸತ್ತರು. ಆದರೂ ಗೇಬ್ರಿಯಲ್ ಮಲಗ್ರಿಡಾ ಎಂಬ ಪಾದ್ರಿ ಮರುವರ್ಷ ಒಂದು ಕಿರುಹೊತ್ತಿಗೆ ಬರೆದ. ಇದು ನಮ್ಮ ಪಾಪಕ್ಕೆ ದೇವರ ಶಿಕ್ಷೆ, ಭೂಮಿಯ ಸಹಜ ಕ್ರಿಯೆ ಅನ್ನುವುದು ತಪ್ಪು ಅಂತ. ಗುಡಿಸಲು ಕಟ್ಟುವ ಗಡಿಬಿಡಿಯಲ್ಲಿದ್ದ ಆಡಳಿತಕ್ಕೆ ಇದು ದೊಡ್ಡ ತಲೆನೋವಾಯಿತು.

ಅದಕ್ಕೂ ಹದಿನೇಳು ಶತಮಾನ ಹಿಂದೆಯೇ ಯೇಸುವನ್ನು ಇದೇ ಪ್ರಶ್ನೆ ಕಾಡಿತ್ತು. ಲೂಕನ ಶುಭಸಂದೇಶದ 13ನೇ ಅಧ್ಯಾಯ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳು ಅಂದುಕೊಂಡಿರಾ ಅಂತ ಯೇಸು ಕೇಳುತ್ತಾನೆ. ತಾನೇ ಉತ್ತರ ಕೊಡುತ್ತಾನೆ, ಇಲ್ಲ. ಒಂದೇ ಪದ. ಅಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನಾವು ಮಲಗ್ರಿಡಾನ ಕಡೆ ಜಾರುತ್ತೇವೆ. ಯಾಕೆ ಅಂತ ನನಗೆ ಒಂದು ಅನುಮಾನ ಇದೆ. ಪಾಪ ಅಂದುಬಿಟ್ಟರೆ ಬೇರೆ ಯಾವ ಕಾರಣವನ್ನೂ ಮಾತಾಡಬೇಕಾಗಿಲ್ಲ. ಹೊಳೆಯ ಪಾತ್ರದಲ್ಲಿ ಹೂಳು ತುಂಬಿದ್ದು ಮಾತಾಡಬೇಕಾಗಿಲ್ಲ. ದಂಡೆ ದಾಟಿ ಹೊಳೆಯೊಳಗೇ ಕಬ್ಬು ಹಚ್ಚಿದ್ದು ಮಾತಾಡಬೇಕಾಗಿಲ್ಲ. ಗೇಟು ಯಾವಾಗ ತೆಗೆದರು, ಡಂಗುರ ಯಾವಾಗ ಹೊಡೆಸಿದರು, ಕೇಳಬೇಕಾಗಿಲ್ಲ. ನದಿ ಹರಿಯುವ ಜಾಗ ಅರ್ಧಕ್ಕಿಳಿದರೆ ನೀರು ಎಲ್ಲಿಗೆ ಹೋಗಬೇಕು? ಇದಕ್ಕೆ ದೇವಶಾಸ್ತ್ರ ಬೇಡ.

ಇನ್ನು ನನಗೆ ಕಷ್ಟವಾಗುವ ಒಂದು ಭಾಗ. ಬಿಟ್ಟು ಹೋಗಬಹುದಿತ್ತು, ಆದರೆ ನೀವು ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿದ್ದೀರಿ ಅಂತ ಗೊತ್ತು.

ಗಂಜಿ ಕೇಂದ್ರದಲ್ಲಿ ಐದನೇ ದಿನ ಒಬ್ಬ ಹುಡುಗ ಬಂದ. ಕಾಲೇಜು ಓದಿದವನು. ನೇರವಾಗಿ ಕೇಳಿದ. ‘ಅಕ್ಕಾರ, ಚಾದರ ಕೊಟ್ರಿ, ಔಷಧ ಕೊಟ್ರಿ. ಮುಂದ ಪ್ರಾರ್ಥನಾಕ್ಕ ಕರೀತೀರೇನ್ರಿ?’ ನನಗೆ ಚುರುಕ್ ಅಂತು. ಆದರೆ ಅವನು ಕೇಳಿದ್ದು ಗಾಳಿಯಿಂದ ಹುಟ್ಟಿದ ಪ್ರಶ್ನೆ ಅಲ್ಲ. ನಮ್ಮ ಇತಿಹಾಸ ಅದಕ್ಕೆ ಜಾಗ ಕೊಟ್ಟಿದೆ.

ಈ ಸೀಮೆಗೆ ಮಿಶನರಿಗಳು ಬಂದು ಬಹಳ ಕಾಲ ಆಯಿತು. ಬೆಳಗಾವಿಗೆ ಲಂಡನ್ ಮಿಶನ್ ಬಂದದ್ದು 1820ರಲ್ಲಿ. ಖಣದ ಊರು ಗುಳೇದಗುಡ್ಡದಲ್ಲಿ ಬಾಸೆಲ್ ಮಿಶನ್ ನೆಲೆ ಶುರುವಾದದ್ದು 1851ರಲ್ಲಿ. ಆಮೇಲೆ 1876ರಲ್ಲಿ ಧಾತು ಬರ ಬಂತು. ಆಗಿನ ಕಲಾದಗಿ ಜಿಲ್ಲೆ, ಅಂದರೆ ಇವತ್ತಿನ ಬಾಗಲಕೋಟೆ ವಿಜಯಪುರ, ಮದ್ರಾಸು ಮೈಸೂರುಗಳ ಹಾಗೆಯೇ ನರಳಿತು. ದಕ್ಷಿಣ ಭಾರತದ ಎಷ್ಟೋ ಕಡೆ ಆ ಬರದಲ್ಲಿ ಅನ್ನ ಹಾಕಿದವರೂ ದೀಕ್ಷಾಸ್ನಾನ ಕೊಟ್ಟು ಕ್ರೈಸ್ತರನ್ನಾಗಿ ಮಾಡಿದವರೂ ಒಬ್ಬರೇ ಆಗಿದ್ದರು. ಅನಾಥ ಮಕ್ಕಳನ್ನು ಉಳಿಸಿದವರೂ ಅವರೇ. ಎರಡನ್ನೂ ಒಟ್ಟಿಗೆ ಹೇಳಬೇಕು, ಒಂದನ್ನು ಮುಚ್ಚಿ ಇನ್ನೊಂದನ್ನು ಹೇಳಬಾರದು.

ಆಂಧ್ರದ ಒಂಗೋಲಿನಲ್ಲಿ ಜಾನ್ ಕ್ಲಫ್ ಅಂತ ಒಬ್ಬ ಅಮೆರಿಕದ ಬ್ಯಾಪ್ಟಿಸ್ಟ್ ಮಿಶನರಿ ಇದ್ದ. ಬರದಲ್ಲಿ ಜನರಿಗೆ ಕೂಲಿ ಸಿಗಲಿ ಅಂತ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ತುಂಡು ತೋಡುವ ಗುತ್ತಿಗೆ ಹಿಡಿದ. ಒಂದು ನಿಯಮ ಹಾಕಿಕೊಂಡ. ಪರಿಹಾರ ನಡೆಯುವಷ್ಟು ದಿನ ಯಾರಿಗೂ ದೀಕ್ಷಾಸ್ನಾನ ಇಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಕೊಡಲಿಲ್ಲ. ಹೊಟ್ಟೆಗೋಸ್ಕರ ಬಂದರು ಅನ್ನುವ ಮಾತು ಬೇಡ ಅಂತ. ಆಮೇಲೆ 1878ರ ಜುಲೈ 3ರಂದು ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದರು. ಕೆಲವರು ಇದನ್ನು ಪವಾಡ ಅಂತ ಹೇಳುತ್ತಾರೆ. ನನಗೆ ಆ ದಿನಕ್ಕಿಂತ, ಕೊಡದೆ ತಡೆದ ಆ ತಿಂಗಳುಗಳು ದೊಡ್ಡವು. ಆದರೂ ಆ ತಡೆ ಪೂರ್ತಿ ಸಾಕಾಗುತ್ತದೆ ಅಂತ ನಾನು ಹೇಳಲಾರೆ. ಉಂಡ ಅನ್ನದ ನೆನಪು ಹದಿನೈದು ತಿಂಗಳಿಗೆ ಹೋಗುತ್ತದೆಯೇ?

ಈಗ ಇದಕ್ಕೆ ಬರೆದಿಟ್ಟ ನಿಯಮವೇ ಇದೆ. 1994ರಲ್ಲಿ ರೆಡ್ ಕ್ರಾಸ್ ಮತ್ತು ದೊಡ್ಡ ಪರಿಹಾರ ಸಂಸ್ಥೆಗಳು ಸೇರಿ 10 ಅಂಶಗಳ ನಡಾವಳಿ ಒಪ್ಪಿಕೊಂಡವು. ಕ್ಯಾಥೊಲಿಕರ ಕಾರಿತಾಸ್, ಪ್ರೊಟೆಸ್ಟೆಂಟರೂ ಆರ್ಥೊಡಾಕ್ಸರೂ ಸೇರಿದ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ ಎರಡೂ ಅದರ ಹಿಂದಿದ್ದವು. ಮೂರನೆಯ ಅಂಶದ ತಾತ್ಪರ್ಯ ಇಷ್ಟು, ನೆರವನ್ನು ಯಾವ ರಾಜಕೀಯ ನಿಲುವು, ಯಾವ ಧರ್ಮದ ನಿಲುವು ಮುಂದೆ ತಳ್ಳಲೂ ಬಳಸಬಾರದು. ನಾನು ಆ ಹುಡುಗನಿಗೆ ಇದೆಲ್ಲ ಹೇಳಲಿಲ್ಲ. ‘ಕರೆಯೋದಿಲ್ಲಪ್ಪ. ಆದರೆ ನಾಳೆ ನೂರು ಬಾಟ್ಲಿ ಫಿನಾಯಿಲ್ ಬರುತ್ತೆ, ಇಳಿಸೋಕೆ ಕೈ ಬೇಕು, ಬಾ’ ಅಂದೆ. ಬಂದ. ಅವನ ಅನುಮಾನ ಹೋಯಿತಾ ಅಂತ ಕೇಳಬೇಡಿ, ಪೂರ್ತಿ ಹೋಗಿಲ್ಲ. ಹೋಗದಿರುವುದೇ ಒಳ್ಳೆಯದು ಅಂತ ಈಗ ಅನ್ನಿಸುತ್ತದೆ. ಅವನು ನೋಡುತ್ತಿದ್ದಾನೆ ಅನ್ನುವ ಎಚ್ಚರ ನಮಗೆ ಇರುತ್ತದೆ.

ಅಂದ ಹಾಗೆ, ಮತದ ಬೋರ್ಡು ಇಲ್ಲದವರೂ ಪ್ರಚಾರ ಮಾಡಿಕೊಳ್ಳುತ್ತಾರೆ. ಒಂದು ಸಂಸ್ಥೆಯವರು ಬಂದರು, ಹೆಸರು ಬೇಡ. ಬಿಸ್ಕಿಟ್ ಪೊಟ್ಟಣಕ್ಕಿಂತ ಅವರ ಬ್ಯಾನರ್ ದೊಡ್ಡದಿತ್ತು. ಮಳೆಯಲ್ಲಿ ಬ್ಯಾನರ್ ತೊಯ್ಯಬಾರದು ಅಂತ ಅದಕ್ಕೇ ಕೊಡೆ ಹಿಡಿದರು. ಅವರು ಹೋದ ಮೇಲೆ ನಮ್ಮ ಅಜ್ಜಿಯರು ನಕ್ಕ ನಗು! ಬ್ಯಾನರ್ ಬಿಟ್ಟು ಹೋಗಿದ್ದರೆ ತಾಡಪತ್ರಿಯಾಗಿ ಉಪಯೋಗ ಆಗುತ್ತಿತ್ತು.

ಈಗ ನಿರೀಕ್ಷೆಯ ಮಾತು. ಈ ಶಬ್ದವೇ ನನಗೆ ತೊಡಕು. ನಮ್ಮ ಬೈಬಲಿನ ಕನ್ನಡದಲ್ಲಿ ‘ನಿರೀಕ್ಷೆ’ ಅಂತಾರೆ. ಊರಲ್ಲಿ ಅಂದರೆ ಬಸ್ಸಿಗೆ ಕಾಯುವ ಹಾಗೆ ಕೇಳಿಸುತ್ತದೆ. ‘ಭರವಸೆ’ ಅನ್ನೋಣ ಅಂದರೆ ಅದನ್ನು ಚುನಾವಣೆಯವರು ಕೆಡಿಸಿಟ್ಟಿದ್ದಾರೆ. ‘ಭರವಸಿ ಭಾಳ ಕೊಟ್ಟಾರ್ರಿ, ಇಡಾಕ ಜಾಗಿಲ್ಲ’ ಅಂತ ಒಬ್ಬರು ಅಂದರು. ಸುಮ್ನೆ ಅಂದದ್ದಲ್ಲ. 2009ರ ನಂತರ ‘ಆಸರೆ’ ಯೋಜನೆಯಲ್ಲಿ ಹೊಸ ಮನೆ ಕಟ್ಟಿದರು. ಎಷ್ಟೋ ಕಡೆ ಜನ ಹೋಗಲಿಲ್ಲ. ಹೊಲ ದೂರ, ದನ ಕಟ್ಟಲು ಜಾಗ ಇಲ್ಲ, ರೊಟ್ಟಿ ಬಡಿಯುವ ಒಲೆಗೆ ಮೂಲೆ ಇಲ್ಲ. ಮನೆಗಳ ಸುತ್ತ ಜಾಲಿ ಬೆಳೆಯಿತು. 2019ರಲ್ಲಿ ಹಳೆಯ ಮನೆಯಲ್ಲಿದ್ದವರು ಮತ್ತೆ ಮುಳುಗಿದರು. ‘ಹೋಗಲಿಲ್ಲ, ಅವರದೇ ತಪ್ಪು’ ಅಂತ ಪೇಟೆಯಲ್ಲಿ ಕೂತು ಹೇಳುವುದು ಸುಲಭ. ಬಾಗಲಕೋಟೆಯವರು ಇಲ್ಲಿ ಯಾರಾದರೂ ಇದ್ದರೆ ಅವರಿಗೆ ಗೊತ್ತು, ಮುಳುಗಡೆ ಅಂದರೆ ಏನು ಅಂತ. ಹಳೆಯ ಪೇಟೆಯ ಒಂದು ಭಾಗ ಆಲಮಟ್ಟಿ ಹಿನ್ನೀರಿಗೆ ಹೋಗಿ ನವನಗರ ಎದ್ದಿತು, ಸೆಕ್ಟರ್ ನಂಬರುಗಳ ಜೊತೆ. ಓಣಿಗೆ ಹೆಸರಿತ್ತು, ಸೆಕ್ಟರಿಗೆ ನಂಬರಿದೆ.

ಶಾಲೆಯಲ್ಲಿ ಬಿಸಿಲು ಬಿದ್ದ ಮೊದಲ ದಿನ ಎಲ್ಲರೂ ಒಂದೇ ಕೆಲಸ ಮಾಡಿದರು. ಕಾಗದ ಒಣಗಿಸುವುದು. ಆಧಾರ್, ರೇಷನ್ ಕಾರ್ಡು, ಹೊಲದ ಉತಾರ (ಪಹಣಿ), ಬ್ಯಾಂಕಿನ ಪಾಸ್‌ಬುಕ್, ಮಕ್ಕಳ ಮಾರ್ಕ್ಸ್ ಕಾರ್ಡು. ಜಗುಲಿ ಉದ್ದಕ್ಕೂ ಒಂದೊಂದು ಕಾಗದದ ಮೇಲೆ ಒಂದೊಂದು ಕಲ್ಲು. ಪರಿಹಾರಕ್ಕೆ ಕಾಗದ ಬೇಕೇ ಬೇಕು. ತುರ್ತಿಗೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಹೇಳಿತ್ತು.

ಅಲ್ಲಿ ಒಬ್ಬ ಮುತ್ಯಾ ಇದ್ದರು. ಅವರು ಒಣಗಿಸುತ್ತಿದ್ದುದು ಹಳೆಯ ಖರೀದಿ ಪತ್ರ. ಅಪ್ಪ ಕೊಂಡ ನಾಲ್ಕು ಎಕರೆ ಹೊಲದ್ದು. ಮಡಿಕೆಯಲ್ಲಿ ಹರಿದಿತ್ತು. ಶಾಯಿ ಹರಡಿ ನೀಲಿ ಮೋಡದ ಹಾಗಾಗಿತ್ತು. ಅಂಚನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಬಾಯಿಂದ ಊದಿ, ಮತ್ತೆ ಬಿಡಿಸಿ, ಹಾಗೇ ಮಧ್ಯಾಹ್ನದವರೆಗೆ ಮಾಡಿದರು. ತಮಾಷೆ ಎಂದರೆ ಆ ಹೊಲ ಅವತ್ತು ಇರಲೇ ಇಲ್ಲ. ಮೇಲ್ಮಣ್ಣು ಕೊಚ್ಚಿ ಹೋಗಿ ಮೊಣಕಾಲುದ್ದ ಮರಳು ಕೂತಿತ್ತು. ನಾನು ಬುದ್ಧಿವಂತಿಕೆಯಿಂದ ಹೇಳಿದೆ. ‘ಮುತ್ಯಾ, ಉತಾರ ಕಂಪ್ಯೂಟರಿನಲ್ಲಿ ಇರುತ್ತದೆ, ಹೊಸದು ತೆಗೆಸೋಣ. ಇದು ಹೋದರೆ ಹೋಗಲಿ.’

‘ಅದು ಸಿಗತೈತಿ ಬಿಡವ್ವಾ. ಇದರಾಗ ನಮ್ಮಪ್ಪನ ಹೆಬ್ಬಟ್ಟ ಐತಿ.’

ಅವತ್ತು ರಾತ್ರಿ ನನಗೆ ಬೈಬಲಿನ ಪ್ರವಾದಿ ಯೆರೆಮೀಯ ನೆನಪಾದ. 32ನೇ ಅಧ್ಯಾಯ. ಜೆರುಸಲೇಮಿಗೆ ಬಾಬಿಲೋನಿನ ಸೈನ್ಯ ಮುತ್ತಿಗೆ ಹಾಕಿದೆ. ಯೆರೆಮೀಯ ಕಾವಲಿನಲ್ಲಿ ಬಂದಿ. ಯಾಕೆ ಬಂದಿ? ಪಟ್ಟಣ ಬೀಳುತ್ತದೆ ಅಂತ ವರ್ಷಗಟ್ಟಲೆ ಹೇಳಿದ್ದಕ್ಕೆ. ಎಲ್ಲಾ ಸರಿಹೋಗುತ್ತೆ ಅನ್ನುವ ಜಾತಿಯವನೇ ಅಲ್ಲ. ಅಂಥವನ ಹತ್ತಿರ ಚಿಕ್ಕಪ್ಪನ ಮಗ ಬಂದು, ಅನಾತೋತಿನಲ್ಲಿರುವ ನನ್ನ ಹೊಲ ಕೊಂಡುಕೋ ಅನ್ನುತ್ತಾನೆ. ಆ ಹೊಲ ಶತ್ರುವಿನ ಕೈಯಲ್ಲಿ. ಯಾರಾದರೂ ಕೊಳ್ಳುತ್ತಾರಾ? ಯೆರೆಮೀಯ ಕೊಳ್ಳುತ್ತಾನೆ. 17 ಶೆಕೆಲ್ ಬೆಳ್ಳಿ ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ. ಸಾಕ್ಷಿಗಳ ರುಜು ಹಾಕಿಸುತ್ತಾನೆ. ಮುದ್ರೆ ಒತ್ತಿದ ಪತ್ರ ಒಂದು, ತೆರೆದ ಪತ್ರ ಒಂದು, ಎರಡನ್ನೂ ಮಣ್ಣಿನ ಗಡಿಗೆಯಲ್ಲಿಡಿ, ಬಹಳ ದಿನ ಉಳಿಯಬೇಕು ಅನ್ನುತ್ತಾನೆ. ಇಷ್ಟೆಲ್ಲ ಮಾಡಿದ ಮೇಲೆ ದೇವರ ಹತ್ತಿರ ತಿರುಗಿ, ಪಟ್ಟಣವೇ ಹೋಗುತ್ತಿದೆ, ನೀನು ನನಗೆ ಹೊಲ ಕೊಂಡುಕೋ ಅಂತೀಯಲ್ಲ ಅಂತ ಕೇಳುತ್ತಾನೆ. ಅವನಿಗೂ ಅರ್ಥವಾಗಿರಲಿಲ್ಲ. ಕಾಗದಪತ್ರ ಮಾತ್ರ ಪಕ್ಕಾ ಮಾಡಿಟ್ಟಿದ್ದ.

ಎಷ್ಟೋ ಸಲ ಓದಿದ್ದ ಅಧ್ಯಾಯ ಅದು. ಗಡಿಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಸುಗ್ಗಿ ಹೊತ್ತಿಗೆ ಮುತ್ಯಾಗೆ ಈ ಕಥೆ ಹೇಳಿದೆ. ಮರಳು ಎತ್ತಿಸಲು ಅವರು ಅಷ್ಟು ಹೊತ್ತಿಗೆ ಸಾಲ ಮಾಡಿದ್ದರು. ಗಮನ ಕೊಟ್ಟು ಕೇಳಿದರು. ಮೊದಲ ಪ್ರಶ್ನೆ, ‘ಹದಿನೇಳು ಅಂದ್ರ ಎಕರೆಕ್ಕೋ ಒಟ್ಟ ಹೊಲಕ್ಕೋ?’ ಬೈಬಲಿನಲ್ಲಿ ಅಳತೆ ಇಲ್ಲ ಅಂದೆ. ‘ಅಳತಿ ಇಲ್ಲದ ಖರೀದಿ ಹೆಂಗ?’ ಅಂತ ತಲೆ ಅಲ್ಲಾಡಿಸಿದರು. ಆಮೇಲೆ ಕೇಳಿದರು. ‘ಆ ಹೊಲ ಮುಂದ ಏನಾತು? ಆ ಮನಿಶಾ ಬಿತ್ತಿದ್ನೋ ಇಲ್ಲೋ?’ ಇಲ್ಲ. ಪಟ್ಟಣ ಬಿದ್ದ ಮೇಲೆ ಯೆರೆಮೀಯನನ್ನು ಅವನ ಜನ ಈಜಿಪ್ಟಿಗೆ ಎಳೆದುಕೊಂಡು ಹೋದರು. ಹೊಲದ ಸುದ್ದಿ ಮತ್ತೆ ಬರುವುದಿಲ್ಲ. ಹೇಳಿದೆ. ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪತ್ರ ಗಡಿಗ್ಯಾಗ ಇಟ್ಟಿದ್ದು ಚಲೋ ಮಾಡಿದ’ ಅಂದರು.

ಎಮ್ಮೆಯ ವಿಷಯಕ್ಕೆ ವಾಪಸ್ ಬರುತ್ತೇನೆ. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ದೇವಶಾಸ್ತ್ರದಲ್ಲಿ ಮನುಷ್ಯರ ಕಷ್ಟದ ಬಗ್ಗೆ ಕಪಾಟುಗಟ್ಟಲೆ ಪುಸ್ತಕ ಇವೆ, ಎಮ್ಮೆಯ ಬಗ್ಗೆ ಕಡಿಮೆ. ಆದರೆ ಒಂದು ಕಡೆ ಸಿಕ್ಕಿತು. ಮೀನಿನ ಹೊಟ್ಟೆ ಸೇರಿದ ಪ್ರವಾದಿ ಯೋನ ನಿಮಗೆಲ್ಲ ಗೊತ್ತು. ಮೀನಿನ ಗದ್ದಲದಲ್ಲಿ ಆ ಪುಸ್ತಕದ ಕೊನೆಯ ಸಾಲು ಯಾರೂ ನೋಡುವುದಿಲ್ಲ. ನಿನೆವೆ ಪಟ್ಟಣ ನಾಶವಾಗಲಿಲ್ಲ ಅಂತ ಯೋನ ಮುನಿಸಿಕೊಂಡು ಕೂತಿದ್ದಾನೆ. ದೇವರು ಕೇಳುತ್ತಾನೆ, ಆ ಊರಲ್ಲಿ 1,20,000ಕ್ಕೂ ಹೆಚ್ಚು ಜನ ಇದ್ದಾರೆ, ಬಹಳ ದನಕರುಗಳೂ ಇವೆ, ನಾನು ಮರುಗಬಾರದೇ ಅಂತ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ದನಕರುಗಳ ಮೇಲೆ, ಪ್ರಶ್ನೆಯ ಮೇಲೆ. ಆಕೆಯ ಎಮ್ಮೆ ಯಾಕೆ ಸತ್ತಿತು ಅನ್ನುವುದಕ್ಕೆ ಇದು ಉತ್ತರ ಅಲ್ಲ. ಎಮ್ಮೆ ಲೆಕ್ಕದಲ್ಲಿತ್ತು ಅನ್ನುವುದಷ್ಟೇ. ಆಕೆಗೆ ಇದನ್ನು ನಾನು ಹೇಳಿಲ್ಲ. ಒಂದು ಸಲ ಬಾಯಿ ಸುಟ್ಟುಕೊಂಡಿದ್ದೇನಲ್ಲ.

ಮಾರನೇ ವರ್ಷ ಶ್ರಾವಣದಲ್ಲಿ ಆಕೆ ನನ್ನನ್ನು ಹೊಳೆಗೆ ಕರೆದಳು. ‘ಉಡಿ ತುಂಬೂದೈತ್ರಿ, ಬರ್ರಿ.’ ಯಾರಿಗೆ? ಹೊಳೆಗೆ. ಹಸಿರು ಬಳೆ, ಗುಳೇದಗುಡ್ಡದ ಖಣ, ತೆಂಗಿನಕಾಯಿ, ಅರಿಶಿನ ಕುಂಕುಮ, ಒಂದಿಷ್ಟು ಜೋಳ. ನಾನು ಹೋದೆ. ನಾನು ಪೂಜೆ ಮಾಡಲಿಲ್ಲ, ದಂಡೆಯಲ್ಲಿ ಆಕೆಯ ಚಪ್ಪಲಿ ಕಾಯುತ್ತಾ ನಿಂತೆ. ಬರುವಾಗ ಕೇಳಿಯೇಬಿಟ್ಟೆ, ಮನೆ ಬೀಳಿಸಿದ ಹೊಳೆಗೆ ಉಡಿಯಾ, ನಿಮಗೆ ಸಿಟ್ಟಿಲ್ವಾ ಅಂತ.

‘ಐತ್ರಿ. ಸಿಟ್ಟ ಬಂದ್ರ ಮಾತ ಬಿಡಬೇಕೇನು? ಬೈದ್ನಿ ಈಗ, ಉಡಿ ತುಂಬುವಾಗ.’

ನಮ್ಮ ಬೈಬಲಿನ ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ದೂರು. ಎಷ್ಟು ದಿನ ಸುಮ್ಮನಿರುತ್ತೀ, ನೀರು ಕುತ್ತಿಗೆಗೆ ಬಂತು, ಎಲ್ಲಿದ್ದೀಯ ಅಂತ. ಪ್ರಲಾಪಗಳು ಅನ್ನುವ ಪುಸ್ತಕವಂತೂ ಸುಟ್ಟ ಪಟ್ಟಣದ ಬೂದಿಯ ನಡುವಿನ ಅಳು. ಅದರ ಮಧ್ಯದಿಂದ ಎರಡು ಒಳ್ಳೆಯ ಸಾಲು ಆರಿಸಿ, ದೇವರ ಕರುಣೆ ಪ್ರತಿ ಬೆಳಿಗ್ಗೆ ಹೊಸದು ಅಂತ ನಾವು ಕ್ಯಾಲೆಂಡರಿನಲ್ಲಿ ಅಚ್ಚು ಹಾಕುತ್ತೇವೆ. ಪುಸ್ತಕ ಮುಗಿಯುವುದು ಅಲ್ಲಲ್ಲ. ನಮ್ಮನ್ನು ಪೂರ್ತಿ ಕೈಬಿಟ್ಟೆಯಾ ಅನ್ನುವಲ್ಲಿ ಮುಗಿಯುತ್ತದೆ. ನಾನು ಅದನ್ನು ಪಾಠ ಮಾಡಿದವಳು. ಬೈಯುತ್ತಾ ಉಡಿ ತುಂಬುವುದನ್ನು ಕಣ್ಣಾರೆ ನೋಡಿದ್ದು ಅವತ್ತೇ.

ಆಕೆ ಈಗ ಮತ್ತೆ ಎರಡು ಎಮ್ಮೆ ಸಾಕಿದ್ದಾಳೆ. ಎರಡನೆಯದು ಸಂಘದ ಸಾಲದಲ್ಲಿ ಬಂತು. ಪಂಚಮಿ ಹತ್ತಿರ ಬಂತೆಂದರೆ ಕೊಟ್ಟಿಗೆಯಲ್ಲಿ ಹಗ್ಗ ಕಟ್ಟುವ ರೀತಿ ಬದಲಾಗುತ್ತದೆ. ಒಂದು ತುದಿ ಎಳೆದರೆ ಸಾಕು, ಪೂರ್ತಿ ಬಿಚ್ಚಿ ಬರುವ ಗಂಟು. ತೊಯ್ದರೂ ಬರಬೇಕು, ಕತ್ತಲಲ್ಲೂ ಬರಬೇಕು. ಹಗ್ಗವನ್ನು ಕೊಡದಲ್ಲಿ ಅದ್ದಿ, ಕಣ್ಣು ಮುಚ್ಚಿ, ಎಳೆದು ನೋಡುತ್ತಾಳೆ. ಕುಡಗೋಲು ಗೂಟದ ಪಕ್ಕದ ಗೋಡೆಗೆ, ಕೈಗೆ ಸಿಗುವ ಎತ್ತರದಲ್ಲಿ. ಓಣಿಯ ಉಳಿದವರೂ ಈಗ ಹಾಗೇ ಕಟ್ಟುತ್ತಾರೆ. ನನಗೂ ಎರಡು ಸಲ ಕಲಿಸಿಕೊಟ್ಟಳು. ಒಣ ಹಗ್ಗದಲ್ಲಿ ನನಗೆ ಬರುತ್ತದೆ. ತೊಯ್ದ ಹಗ್ಗದಲ್ಲಿ ಇನ್ನೂ ಗಂಟು ಬೀಳುತ್ತದೆ.